ಹೆಸರು ಹಿಡಿದು ಕರೆಯುವ ಕೆಲಸ

ಮೊದಲು ಕಂಡದ್ದು ಒಂದು ಗಂಟು. ಎಡಗಿವಿಯ ಕೆಳಗೆ, ಹುಣಸೆ ಬೀಜದಷ್ಟು. ಗಡ್ಡ ಮಾಡಿಕೊಳ್ಳುವಾಗ ಇವರ ಕೈಗೆ ಸಿಕ್ಕಿತ್ತು. ನನಗೆ ಹೇಳಿದ್ದು ಎರಡು ತಿಂಗಳ ಮೇಲೆ.

"ಸೊಳ್ಳಿ ಕಡದಿರಬೇಕು ತಗೋ" ಎಂದರು. ಎರಡು ತಿಂಗಳು ಇಳಿಯದ ಸೊಳ್ಳೆ ಕಡಿತ ಯಾವ ಊರಿನದು ಎಂದು ಕೇಳಿ, ಮರುದಿನವೇ ಎಳೆದುಕೊಂಡು ಹೋದೆ. ಸ್ಕ್ಯಾನ್ ಆಯಿತು, ಬಯಾಪ್ಸಿ ಆಯಿತು. ಗಂಟು ಬರೀ ನೆರಳು, ಮೂಲ ಟಾನ್ಸಿಲಿನಲ್ಲಿದೆ ಎಂದರು ಡಾಕ್ಟರು.

ಕ್ಯಾನ್ಸರ್.

ಇವರು ಎಂದರೆ ನನ್ನ ಗಂಡ. ಹೆಸರನ್ನು ಮುಂದೆ ಹೇಳುತ್ತೇನೆ. ಹೇಳದೆ ಗತ್ಯಂತರವಿಲ್ಲ, ನಡೆದದ್ದೆಲ್ಲ ಆ ಹೆಸರಿನಿಂದಲೇ ನಡೆಯಿತು. ಧಾರವಾಡದ ಕಡೆಯವರು ನಾವು. ಮದುವೆಯಾದ ವರ್ಷವೇ ಪುಣೆಗೆ ಬಂದೆವು. ಚಾಕಣದ ಒಂದು ಕಾರಖಾನೆಯ ಪ್ರೆಸ್ ಶಾಪಿನಲ್ಲಿ, ಕಾರಿನ ಬಾಗಿಲು ಒತ್ತುವ ದೊಡ್ಡ ಮಶೀನುಗಳ ನಡುವೆ, ಇವರ ಇಡೀ ನೌಕರಿ ಕಳೆಯಿತು. ರಿಟೈರ್ ಆಗಿ ಎರಡು ವರ್ಷವಾಗಿತ್ತು. ಒಬ್ಬಳೇ ಮಗಳು ನಾಸಿಕದಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಹಾಗಾಗಿ ಆಸ್ಪತ್ರೆಗೆ ಓಡಾಡುವವರು ನಾವಿಬ್ಬರೇ.

ಮೂವತ್ತಮೂರು ಸಲ ರೇಡಿಯೇಷನ್ ಎಂದು ಬರೆದರು. ಸೋಮವಾರದಿಂದ ಶುಕ್ರವಾರ, ದಿನಾ. ತಲೆ ಒಂದಿಷ್ಟೂ ಅಲುಗಬಾರದು. ಅದಕ್ಕೆ ಮಾಸ್ಕ್. ಮಾಸ್ಕ್ ಎಂದರೆ ಕೊರೋನಾ ಕಾಲದ ಬಟ್ಟೆ ಎಂದುಕೊಂಡಿದ್ದೆ. ಅದಲ್ಲ. ಬಲೆಯಂಥ ಪ್ಲಾಸ್ಟಿಕ್ ಹಾಳೆ. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮುಖದಿಂದ ಹೆಗಲಿನವರೆಗೆ ಒತ್ತುತ್ತಾರೆ. ಆರಿದ ಮೇಲೆ ಹಂಚಿನಷ್ಟು ಗಟ್ಟಿ. ದಿನಾ ಅದನ್ನು ಮುಖಕ್ಕೆ ಹಾಕಿ ಮಲಗಿಸಿ ಟೇಬಲಿಗೆ ಬಿಗಿದುಬಿಡುತ್ತಾರೆ.

ಇವರಿಗೆ ಆಗಲಿಲ್ಲ.

ಮೊದಲ ದಿನವೇ ಉಸಿರು ಕಟ್ಟಿತೆಂದು ಕೈಕಾಲು ಬಡಿದರಂತೆ. ಹೊರಗೆ ಬಂದಾಗ ಅಂಗಿ ಬೆವರಿನಿಂದ ಹಿಂಡುವ ಹಾಗಿತ್ತು. ಎರಡನೆಯ ದಿನ ಟೇಬಲ್ಲನ್ನೇ ಹತ್ತಲಿಲ್ಲ. ಡಾಕ್ಟರು ನನ್ನನ್ನು ಒಳಗೆ ಕರೆದರು. ಅಲುಗದೆ ಮಲಗದಿದ್ದರೆ ಟ್ರೀಟ್‌ಮೆಂಟೇ ಇಲ್ಲ ಎಂದರು. ಒಂದೆರಡು ಸಲ ಮತ್ತಿನ ಇಂಜೆಕ್ಷನ್ ಕೊಟ್ಟು ಮಾಡಬಹುದು, ಮೂವತ್ತಮೂರು ಸಲ ಆಗುವುದಿಲ್ಲ ಎಂದರು. "ಎರಡನೇ ಮಹಡಿಯಲ್ಲಿ ಒಬ್ಬರಿದ್ದಾರೆ. ಸಂಗೀತ ಕೇಳಿಸಿ ಭಯ ಇಳಿಸುತ್ತಾರೆ. ಒಮ್ಮೆ ನೋಡಿ."

ಆ ಒಬ್ಬರೇ ಸಾಯಲಿ. ಮರಾಠಿಯಲ್ಲಿ ಅದು ಒಂದು ಬಿಳಿ ಹೂವಿನ ಹೆಸರು. ಕನ್ನಡದಲ್ಲಿ ಏನಾಗುತ್ತದೆಂದು ನಿಮಗೆ ಗೊತ್ತು. ಹೆಸರು ಕೇಳಿ ನಾನು ನಕ್ಕಿರಲಿಲ್ಲ. ಒಂದು ವಾರದ ಮೇಲೆ ಅದೇ ಹೆಸರನ್ನು ಪಲ್ಯ ಹೆಚ್ಚುತ್ತಾ ನಾಲ್ಕು ಸಲ ಗಟ್ಟಿಯಾಗಿ ಕನ್ನಡದಲ್ಲಿ ಹೇಳಿಕೊಂಡೆ. ಪಾಪ, ಅಷ್ಟೇನೂ ಕೆಟ್ಟ ಹುಡುಗಿಯಲ್ಲ. ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು. ಖಾದಿ ಕುರ್ತಾ, ಕೂದಲಿಗೆ ಒಂದು ಪೆನ್ಸಿಲು ಸಿಕ್ಕಿಸಿಕೊಂಡಿರುತ್ತಾಳೆ. ಇವರನ್ನು 'ಅನಂತ ಕಾಕಾ' ಎಂದಳು, ನನ್ನನ್ನು 'ಕಾಕೂ' ಎಂದಳು.

ನೋಡಿ, ಹೆಸರು ಬಂತು. ನಾನು ಬರೆದಿದ್ದೇನೆಯೇ ಹೊರತು ಹೇಳಿಲ್ಲ.

ಅವಳ ಪದ್ಧತಿ ಇಷ್ಟು. ರೋಗಿ ತನಗೆ ಬೇಕಾದ ಸಂಗೀತವನ್ನು ತಾನೇ ಆರಿಸಬೇಕು. ಆರಾಮ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಬೇಕು. ಸಂಗೀತ ಕೇಳುತ್ತಾ, ಮೈಗೆ ಹಾಯೆನ್ನಿಸುವ ಒಂದು ಜಾಗವನ್ನು ಮನಸ್ಸಿನಲ್ಲಿ ಕಾಣಬೇಕು. ಅಲ್ಲಿ ಬೆಳಕು ಹೇಗಿದೆ, ನೆಲ ತಣ್ಣಗಿದೆಯೇ, ಏನು ವಾಸನೆ ಎಂದು ಅವಳು ಆಗಾಗ ಮೆಲ್ಲಗೆ ಕೇಳುತ್ತಾಳೆ. ಕೊನೆಗೆ ಮೂರು ಸಲ ಹೆಸರು ಹಿಡಿದು ಕರೆದು ವಾಪಸು ತರುತ್ತಾಳೆ. ಬಂದ ಮೇಲೆ ಕಂಡದ್ದನ್ನು ಬಣ್ಣದ ಕಡ್ಡಿಯಲ್ಲಿ ಒಂದು ವೃತ್ತದೊಳಗೆ ಬರೆಯಬೇಕು. ದಿನಾ ಹೀಗೆ ಅಭ್ಯಾಸವಾದರೆ, ಮಾಸ್ಕಿನ ಕೆಳಗೆ ಮಲಗಿದಾಗಲೂ ಅದೇ ಸಂಗೀತ ಹಾಕಿದರೆ ಸಾಕು, ಮನಸ್ಸು ಆ ಜಾಗಕ್ಕೆ ಹೋಗುತ್ತದೆ.

"ನೀವು ಹೊರಗೆ ಕೂಡಿ ಕಾಕೂ. ಏನು ಕಂಡಿರಿ ಎಂದು ನೀವಾಗಿ ಕೇಳಬೇಡಿ. ಅವರೇ ಹೇಳಿದರೆ ಕೇಳಿಸಿಕೊಳ್ಳಿ" ಎಂದಳು.

ನನ್ನ ಗಂಡ ಏನು ಕಂಡರೆಂದು ನಾನು ಕೇಳಬಾರದು!

ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಕೊಳಲು ಕೇಳಿಸಿತು. ಭೂಪ ರಾಗ. ಇವರಿಗೆ ಭೂಪವೂ ಗೊತ್ತಿಲ್ಲ, ಭೈರವಿಯೂ ಗೊತ್ತಿಲ್ಲ. ನನಗೆ ಗೊತ್ತು. ಮದುವೆಗೆ ಮುಂಚೆ ಐದು ವರ್ಷ ಧಾರವಾಡದಲ್ಲಿ ಹಾಡುಗಾರಿಕೆ ಕಲಿತವಳು ನಾನು. ತವರಿನಿಂದ ಬಂದ ಸಾಮಾನಿನಲ್ಲಿ ಒಂದು ಹಾರ್ಮೋನಿಯಂ ಕೂಡ ಇತ್ತು. ಆದರೆ ಪ್ರೆಸ್ ಶಾಪಿನಿಂದ ಬರುವ ಮನುಷ್ಯನ ಕಿವಿಯಲ್ಲಿ ಅದಾಗಲೇ ಎಂಟು ಗಂಟೆಯ ಗದ್ದಲ ತುಂಬಿರುತ್ತಿತ್ತು. "ಕಿವಿಗೆ ಒಂಚೂರು ಸಮಾಧಾನ ಕೊಡು ವಿಮಲಾ" ಎನ್ನುತ್ತಿದ್ದರು, ಬೇಡಿಕೊಳ್ಳುವ ಹಾಗೆ. ಬೈದಿದ್ದರೆ ಜಗಳವಾಡಬಹುದಿತ್ತು. ಹಾರ್ಮೋನಿಯಂ ಅಟ್ಟ ಸೇರಿತು. ಮೂವತ್ತನಾಲ್ಕು ವರ್ಷ ನಾನು ಹಾಡಿದ್ದು ಬಚ್ಚಲಿನಲ್ಲಿ, ನಳ ಬಿಟ್ಟುಕೊಂಡು.

ಈಗ ಯಾವಳೋ ಒಬ್ಬಳ ಮುಂದೆ ಕಣ್ಣು ಮುಚ್ಚಿ ಇಪ್ಪತ್ತು ನಿಮಿಷ ಭೂಪ ಕೇಳುತ್ತಾರೆ. ಹೊರಗೆ ಬರುವಾಗ ಮುಖ ತಿಳಿಯಾಗಿರುತ್ತದೆ. ನನಗೆ ಹೊಟ್ಟೆ ಉರಿಯಿತು. ಗಂಡನಿಗೆ ಕ್ಯಾನ್ಸರ್, ಹೆಂಡತಿಗೆ ಹೊಟ್ಟೆಕಿಚ್ಚು. ಯಾರ ಮುಂದೆ ಹೇಳಿಕೊಳ್ಳಲಿ?

ಒಂದು ವಾರದ ಮೇಲೆ ಇವರು ಮಾಸ್ಕಿನ ಕೆಳಗೆ ಮಲಗಿದರು. ರೇಡಿಯೇಷನ್ ಕೋಣೆಗೆ ಒಂದು ಗೇಣು ದಪ್ಪದ ಬಾಗಿಲಿದೆ. ಅದು ಮುಚ್ಚಿದ ಮೇಲೆ ಒಳಗೆ ರೋಗಿ ಒಬ್ಬನೇ, ನರಪಿಳ್ಳೆ ಇರುವಂತಿಲ್ಲ. ಆದರೆ ಸ್ಪೀಕರಿನಲ್ಲಿ ಕೊಳಲು ಬರುತ್ತಿತ್ತು, ಕೊನೆಗೆ ಸಾಯಲಿ ರೆಕಾರ್ಡ್ ಮಾಡಿಟ್ಟ ದನಿ ಬರುತ್ತಿತ್ತು. ಅಂದು ಅಲುಗದೆ ಮಲಗಿ ಎದ್ದು ಬಂದರು. ಟೆಕ್ನಿಷಿಯನ್ ಹೆಬ್ಬೆರಳು ತೋರಿಸಿದ. ನಾನು ಅಲ್ಲೇ ಗೋಡೆಯ ಕಡೆ ತಿರುಗಿ ದೇವರಿಗೆ ಕೈ ಮುಗಿದೆ. ಮುಗಿದ ಕೈ ಬಿಡುವ ಮೊದಲೇ ಇನ್ನೊಂದು ಯೋಚನೆ ಬಂತು. ನನಗೆ ಪ್ರವೇಶವಿಲ್ಲದ ಕೋಣೆಗೆ ಅವಳ ದನಿ ಹೋಗುತ್ತದೆ. ಇವರ ಹೆಸರು ಹಿಡಿದು ಕರೆಯುತ್ತದೆ. ಇವರು ಬರುತ್ತಾರೆ.

ಒಂದು ದಿನ ಅವಳ ಮೇಜಿನ ಮೇಲೆ ಇವರ ಫೈಲು ತೆರೆದು ಬಿದ್ದಿತ್ತು. ನೋಡಬಾರದಿತ್ತು, ನೋಡಿದೆ. ದೊಡ್ಡ ವೃತ್ತದ ತುಂಬ ಬೂದು ಬಣ್ಣ. ಮೇಲಿನಿಂದ ಕೆಳಗೆ ಹಳದಿ ಪಟ್ಟಿಗಳು. ನಡುವೆ ಒಂದು ಕಂದು ಬಣ್ಣದ ಸ್ಟೂಲು. ಜನ ಯಾರೂ ಇಲ್ಲ. ನಾನಂತೂ ಇಲ್ಲ, ಮೂಲೆ ಮೂಲೆ ಹುಡುಕಿದೆ. ಆದರೆ ಸ್ಟೂಲಿದೆ ಎಂದ ಮೇಲೆ ಯಾರೋ ಕೂತಿರಬೇಕಲ್ಲ? ಯಾರು ಎದ್ದು ಹೋದರು? ಮನೆಗೆ ಹೋಗುವ ರಿಕ್ಷಾದಲ್ಲಿ ಮೂವತ್ತನಾಲ್ಕು ವರ್ಷದ ಎಲ್ಲ ಹೆಂಗಸರನ್ನೂ ಆ ಸ್ಟೂಲಿನ ಮೇಲೆ ಒಬ್ಬೊಬ್ಬರನ್ನಾಗಿ ಕೂಡಿಸಿ ನೋಡಿದೆ. ಕೆಳಗಿನ ಮನೆಯ ಪೋತದಾರ ಬಾಯಿಯನ್ನೂ ಬಿಡಲಿಲ್ಲ, ಅವರಿಗೆ ಈಗ ಎಂಬತ್ತು.

ಮರುದಿನ ಸಾಯಲಿಯ ಹತ್ತಿರ ಹೋಗಿ, ನಯವಾಗಿ, ಮರಾಠಿಯಲ್ಲಿ, ಒಂದು ಮಾತು ಹೇಳಿದೆ. ಇವರು ಕನ್ನಡದವರು. ಕಣ್ಣು ಮುಚ್ಚಿ ಅಷ್ಟು ದೂರ ಹೋದವರನ್ನು ಮಾತೃಭಾಷೆಯಲ್ಲಿ ಕರೆದರೆ ಒಳ್ಳೆಯದಲ್ಲವೇ? ಅವಳ ಮುಖ ಚಿಕ್ಕದಾಗುತ್ತದೆಂದು ಕಾದು ನಿಂತಿದ್ದೆ.

ಅವಳು ಚಪ್ಪಾಳೆ ತಟ್ಟಿಬಿಟ್ಟಳು. "ಎಷ್ಟು ಛಂದ ಕಾಕೂ! ನೀವೇ ರೆಕಾರ್ಡ್ ಮಾಡಿ ಕೊಡಿ" ಎಂದು ಒಂದು ಚೀಟಿ ಬರೆದುಕೊಟ್ಟಳು. ಮೊದಲ ಸಾಲು, ಹೆಸರನ್ನು ಮೂರು ಸಲ ನಿಧಾನವಾಗಿ ಹೇಳುವುದು. ಅದನ್ನು ಓದಿದ್ದೇ ನನಗೆ ಮೈ ಉರಿಯಿತು. ಚೀಟಿಯನ್ನು ಮಡಚಿ ಪರ್ಸಿಗೆ ಹಾಕಿದೆ. ಗಂಡನನ್ನು ಎಬ್ಬಿಸುವುದನ್ನು ಇವಳಿಂದ ಕಲಿಯಬೇಕೇ?

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಈಗಿನ ಹುಡುಗಿಯರು ಹೇಳುತ್ತಾರೆ, ನನ್ನ ಮಗಳು ಅಳಿಯನನ್ನು ಹೆಸರು ಹಿಡಿದೇ ಕೂಗುತ್ತಾಳೆ, ಬೇಡವೆನ್ನುವುದಿಲ್ಲ. ನನ್ನ ನಾಲಿಗೆ ಹಾಗೆ ತಿರುಗುವುದಿಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ಪೇಷಂಟ್ ಹೆಸರು ಕೇಳಿದರೆ ಕಾರ್ಡು ಮುಂದೆ ಚಾಚುತ್ತೇನೆ. ಹೇಳಲೇಬೇಕೆಂದರೆ ಒಡಪಿನಲ್ಲಿ. ಮದುವೆ, ಸೀಮಂತದ ಕುಬುಸ, ತೊಟ್ಟಿಲು ಯಾವುದಿರಲಿ, ಹೆಂಗಸರು ಸುತ್ತುಗಟ್ಟಿ ಒಡಪು ಹೇಳಿಸುತ್ತಾರೆ. ಎರಡು ಸಾಲಿನ ಪ್ರಾಸ ಕಟ್ಟಿ ಅದರೊಳಗೆ ಗಂಡನ ಹೆಸರು ತೂರಿಸಿಬಿಡುವುದು. ನಾನು ಮನೆ ತುಂಬುವ ದಿನ ನನ್ನ ನಾದಿನಿ ಬಾಗಿಲಿಗೆ ಕೈ ಅಡ್ಡ ಇಟ್ಟು, ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದಳು. ನಾನು ಹೇಳಿದ್ದೆ:

"ಅಂಗಳದಾಗ ತುಳಸಿಕಟ್ಟಿ, ಕಟ್ಟಿ ಮ್ಯಾಲ ದೀಪ,
ಅನಂತರಾಯರ ಹೆಸರ ಹೇಳತೀನಿ, ಮಾಡಬ್ಯಾಡ್ರಿ ಕೋಪ."

ಅದು ನೆರೆದ ಹೆಂಗಸರಿಗೆ ಹೇಳಿದ್ದು. ಗಂಡನ ಮುಖಕ್ಕೆ ಯಾವತ್ತೂ ಹೇಳಿದವಳಲ್ಲ.

ಅಡುಗೆಮನೆಯ ಬಾಗಿಲು ಹಾಕಿ, ಫ್ಯಾನು ನಿಲ್ಲಿಸಿ, ಮೊಬೈಲು ಡಬ್ಬಿಯ ಮೇಲೆ ಇಟ್ಟು ಕೂತೆ. ಹೆಸರು ಬರಲಿಲ್ಲ. 'ಅ' ಎಂದವಳೇ ರೆಕಾರ್ಡಿಂಗ್ ನಿಲ್ಲಿಸಿಬಿಡುತ್ತಿದ್ದೆ. ಎಷ್ಟೋ ಸಲ ಮಾಡಿ ಅಳಿಸಿದೆ. ಆಮೇಲೆ ಅನ್ನಿಸಿತು, ಹೆಸರು ಯಾಕೆ ಬೇಕು? ಇವರನ್ನು ದಿನಾ ಎಬ್ಬಿಸಿದವಳು ನಾನು. ಫಸ್ಟ್ ಶಿಫ್ಟಿನ ಕಂಪನಿ ಬಸ್ಸು ಬೆಳಗಿನ ಜಾವವೇ ಬರುತ್ತಿತ್ತು, ಒಂದು ದಿನವೂ ತಪ್ಪಿಸಿಲ್ಲ. ಹೇಗೆ ಕರೆಯುತ್ತಿದ್ದೆನೋ ಹಾಗೇ ಕರೆದೆ. ಸಾಯಲಿಗೆ ಕನ್ನಡ ಬರುವುದಿಲ್ಲ. ಕೇಳಿ, ಎಷ್ಟು ಮೃದುವಾಗಿದೆ ಎಂದಳು, ಕೊಳಲಿನ ಕೊನೆಗೆ ಜೋಡಿಸಿದಳು. ನಾನು ಗೆದ್ದೆ ಎಂದುಕೊಂಡೆ.

ಹನ್ನೆರಡನೆಯ ದಿನ ಅದನ್ನು ಮೊದಲ ಸಲ ಹಾಕಿದರು. ಅಂದು ಒಳಗೆ ಮಶೀನು ಹೊಂದಿಸುವುದು ತಡವಾಯಿತಂತೆ. ಒಂದು ಫೋಟೋ ಸರಿ ಬರಲಿಲ್ಲವೆಂದು ಮತ್ತೆ ತೆಗೆದರಂತೆ. ಕೊಳಲು ಮುಗಿದುಹೋಯಿತು. ಇವರು ಇನ್ನೂ ಮಾಸ್ಕಿನ ಕೆಳಗೇ ಇದ್ದರು. ಸ್ಪೀಕರಿನಲ್ಲಿ ನನ್ನ ದನಿ ಬಂತು. "ರೀ... ಏಳ್ರಿ. ಹೊತ್ತಾತು, ಏಳ್ರಿ."

ಎದ್ದರು.

ತಲೆ ಟೇಬಲಿಗೆ ಬಿಗಿದಿದೆ, ಮೈ ಎದ್ದಿದೆ. ಹೊರಗೆ ಕೂತಿದ್ದ ನನಗೆ ಬಾಗಿಲ ಮೇಲಿನ ಕೆಂಪು ದೀಪ ಒಮ್ಮೆಲೇ ಆರಿದ್ದು ಕಂಡಿತು, ಇಬ್ಬರು ಓಡಿದ್ದು ಕಂಡಿತು. ಹೊರಗೆ ಬಂದಾಗ ಮೂಗಿನ ಮೇಲೆ ತರಚಿ ರಕ್ತ ಬಂದಿತ್ತು. ಹಣೆಯ ತುಂಬ ಬಲೆಯ ಗುರುತು. ಕುತ್ತಿಗೆ ತಿರುಗಿಸಲು ಬರುತ್ತಿರಲಿಲ್ಲ. ಗಂಟಲು ಸುಟ್ಟು ಮಾತು ಮೊದಲೇ ಪಿಸುದನಿಗೆ ಇಳಿದಿತ್ತು.

"ಮನಿಗಿ ನಡಿ" ಎಂದರು. ಅಷ್ಟೇ.

ಮರುದಿನ ಇವರು ಆಸ್ಪತ್ರೆಗೆ ಹೊರಡಲಿಲ್ಲ. ಅದರ ಮರುದಿನವೂ ಇಲ್ಲ. ಡಾಕ್ಟರು ಫೋನಿನಲ್ಲಿ, ಗ್ಯಾಪ್ ಬೀಳಬಾರದು, ಬಿದ್ದರೆ ಇಷ್ಟು ದಿನ ಮಾಡಿದ್ದು ದಂಡವಾಗುತ್ತದೆ ಎಂದರು. ನಾನು ಪರ್ಸಿನಿಂದ ಚೀಟಿ ತೆಗೆದು ಕೊನೆಯ ಸಾಲು ಆಗ ಓದಿದೆ. 'ಏಳಿ ಎನ್ನಬೇಡಿ. ಬಾಗಿಲು ತೆರೆಯುವವರೆಗೆ ಮಲಗಿರಲು ಹೇಳಿ.'

ಸಾಯಲಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಬೈಯಲಿಲ್ಲ. ತಪ್ಪು ತನ್ನದು, ಅರ್ಥ ಕೇಳದೆ ಹಾಕಬಾರದಿತ್ತು ಎಂದು ಅತ್ತಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅವತ್ತು ಮಧ್ಯಾಹ್ನ ಇವರು ಬಾಲ್ಕನಿಯಲ್ಲಿ ಕೂತಿದ್ದರು. ಗಂಜಿಯ ಬಟ್ಟಲು ಕೊಟ್ಟು ಕೆಳಗೆ ಕೂತೆ.

"ನನ್ನ ದನಿ ಗುರುತು ಸಿಕ್ತೇನ್ರಿ?"

"ಸಿಕ್ತಲ್ಲ. ಬಸ್ ತಪ್ಪತದ ಅಂತ ಎದ್ದೆ" ಎಂದರು.

ನನಗೆ ಅಳು ತಡೆಯಲಾಗಲಿಲ್ಲ. "ತಪ್ಪು ನಂದ್ರಿ. ಆ ಹುಡುಗಿ ಮ್ಯಾಲೆ ಹೊಟ್ಟಿಕಿಚ್ಚು ಬಂದಿತ್ತು. ಆಕಿ ಕರದ್ರ ಬರತೀರಿ, ಆಕಿ ಮುಂದ ಎಲ್ಲಾ ಹೇಳತೀರಿ. ನನಗ ಏನೂ ಗೊತ್ತಿಲ್ಲ. ಕಣ್ಣು ಮುಚ್ಚಿ ಎಲ್ಲಿಗಿ ಹೋಗತೀರಿ? ಆ ಸ್ಟೂಲ್ ಮ್ಯಾಲೆ ಯಾರು ಕುಂತಿದ್ರು?"

ಇವರು ನನ್ನನ್ನೇ ನೋಡಿದರು. ಆಮೇಲೆ ನಗು ಬಂತು, ನಗುವಿನಿಂದ ಗಂಟಲು ನೋವಾಗಿ ಕಣ್ಣಲ್ಲಿ ನೀರು ಬಂತು. ನಡುನಡುವೆ ನೀರು ಗುಟುಕರಿಸುತ್ತಾ ಹೇಳಿದರು.

"ಗುರುವಾರ."

ಚಾಕಣದಲ್ಲಿ ಇವರ ಕಾರಖಾನೆಗೆ ಗುರುವಾರ ರಜೆ. ಮಶೀನುಗಳು ನಿಂತಿರುತ್ತವೆ. ಇವರು ಮಾತ್ರ ಎಷ್ಟೋ ಗುರುವಾರ ಮೇಂಟೆನನ್ಸ್ ಇದೆ ಎಂದು ಹೋಗುತ್ತಿದ್ದರು. ನಾನು ಮುಖ ಊದಿಸಿಕೊಂಡು ಡಬ್ಬಿ ಕಟ್ಟಿ ಕೊಡುತ್ತಿದ್ದೆ.

"ಕೆಲಸ ಹನ್ನೊಂದಕ್ಕ ಮುಗೀತಿತ್ತು. ಆಮ್ಯಾಲೆ ಶೆಡ್ಡಿನಾಗ ಸುಮ್ಮನ ಕುಂಡ್ರತಿದ್ದೆ. ಮ್ಯಾಲಿನ ಶೀಟಿನಾಗಿಂದ ಬಿಸಲ ಬೀಳತಿತ್ತು, ಪಟ್ಟಿ ಪಟ್ಟಿ. ಪಾರಿವಾಳ ಗುಟುರ್ ಗುಟುರ್ ಅನ್ನೂದು. ಅಷ್ಟ ಸಪ್ಪಳ. ಆ ಸ್ಟೂಲ್ ನಂದ."

"ಜೋಡಿ ಯಾರಿದ್ರು?"

"ಯಾರೂ ಇಲ್ಲ."

ಯಾರೋ ಇದ್ದಾರೆ ಎಂದಿದ್ದರೆ ಜಗಳವಾಡಲು ಒಂದು ಆಸರೆ ಸಿಗುತ್ತಿತ್ತು. ಯಾರೂ ಇಲ್ಲದ ಜಾಗದ ಮೇಲೆ ಹೇಗೆ ಮುನಿಸಿಕೊಳ್ಳುವುದು? ಆದರೂ ಮುನಿಸು ಬಂತು. ನಾನು ಅಷ್ಟೊಂದು ಗುರುವಾರ ಮನೆಯಲ್ಲಿ ಒಬ್ಬಳೇ ಉಂಡಿದ್ದೆ. ಇವರು ಅಲ್ಲಿ ಒಬ್ಬರೇ ಸುಖವಾಗಿದ್ದರು. ಸಾಯಲಿಯ ಮೇಲಿನ ಕಿಚ್ಚು ಅವಳನ್ನು ಬಿಟ್ಟು ಹೋಗಿ ಒಂದು ತಗಡಿನ ಶೆಡ್ಡಿನ ಮೇಲೆ ಕೂತಿತು. ಇದನ್ನೂ ಬಾಯಿಬಿಟ್ಟು ಹೇಳಿದೆ. ಇವರು ಗಂಜಿಯ ಬಟ್ಟಲು ಕೆಳಗಿಟ್ಟರು. "ನಿನಗ ಹೇಳಬೇಕಿತ್ತು ನಾ" ಎಂದರು. "ಹೇಳಿದ್ರ ನೀನೂ ಬರತೀನಿ ಅಂತಿದ್ದಿ."

ಅದು ನಿಜ. ಖಂಡಿತ ಅನ್ನುತ್ತಿದ್ದೆ. ಡಬ್ಬಿ ಕಟ್ಟಿಕೊಂಡು, ಚಾಪೆ ಹಿಡಿದುಕೊಂಡು ಹೋಗುತ್ತಿದ್ದೆ. ಅಲ್ಲಿ ಕೂತು ಮಾತಾಡುತ್ತಿದ್ದೆ.

"ನಾ ಒಳಗ ಬರಂಗಿಲ್ರಿ. ಹೊರಗ ನಿಂತು ಕರದ್ರ ನಡೀತದ?"

ಇವರು ತಲೆ ಆಡಿಸಲು ಹೋಗಿ ಕುತ್ತಿಗೆ ನೋವಿಗೆ ಹಲ್ಲು ಕಚ್ಚಿದರು. ಆಮೇಲೆ ಕಣ್ಣಲ್ಲೇ ಹೂಂ ಎಂದರು.

ಸಂಜೆ ಮತ್ತೆ ಅಡುಗೆಮನೆ, ಮತ್ತೆ ಡಬ್ಬಿ, ಮತ್ತೆ ಮೊಬೈಲು. ಹೆಸರು ಹೇಳಲೇಬೇಕಿತ್ತು. ನನಗೆ ಹೇಳಲು ಬರುವುದು ಒಂದೇ ದಾರಿಯಲ್ಲಿ. ಭೂಪದ ಷಡ್ಜ ಹಿಡಿದು ಮೊದಲು ಒಂಚೂರು ಗುನುಗಿದೆ, ಗಂಟಲು ತೆರೆಯಲೆಂದು. ಆಮೇಲೆ ಹೇಳಿದೆ:

"ಮನಿ ಎಲ್ಲೂ ಓಡಿ ಹೋಗಂಗಿಲ್ಲ, ಸಾವಕಾಶ ಬರ್ರಿ,
ಅನಂತರಾಯರ, ಬಾಗಲಾ ತೆರಿಯೂತನಕಾ ಸುಮ್ಮನ ಮಲಗಿರ್ರಿ."

ಮೂರು ಸಲ. ಪ್ರತಿ ಸಲವೂ ಹೆಸರು ಬರುವಲ್ಲಿ ನನ್ನ ದನಿ ನಡುಗಿದೆ. ಅಳಿಸಿ ಮತ್ತೆ ಮಾಡಲಿಲ್ಲ. ಈ ಸಲ ಸಾಯಲಿ ಪ್ರತಿ ಶಬ್ದದ ಅರ್ಥ ಕೇಳಿ ಬರೆದುಕೊಂಡಳು. ತಮ್ಮಲ್ಲೂ ಇದೇ ಪದ್ಧತಿ ಇದೆ, ಉಖಾಣೆ ಎನ್ನುತ್ತಾರೆ, ತನ್ನ ಅಜ್ಜಿ ಹೇಳುತ್ತಿದ್ದಳು ಎಂದಳು. ಎರಡು ದಿನ ಅದನ್ನು ಅವಳ ಕೋಣೆಯಲ್ಲೇ ಕೇಳಿಸಿ ಅಭ್ಯಾಸ ಮಾಡಿಸಿದಳು. ಬಾಗಿಲು ತೆರೆದೇ ಇಟ್ಟಿದ್ದಳು. ನಾನು ಹೊರಗೇ ಕೂತೆ.

ಸೋಮವಾರ ಇವರು ಟೇಬಲ್ ಹತ್ತಿದರು. ಕೆಂಪು ದೀಪ ಹತ್ತಿತು. ಇವರ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದೆ, ಕೆಳಗಿಡಲೂ ನೆನಪಿಲ್ಲ. ಕೊಳಲು ಮುಗಿಯುವ ಹೊತ್ತನ್ನು ಮನಸ್ಸಿನಲ್ಲೇ ಎಣಿಸಿದೆ. ಈಗ ನನ್ನ ದನಿ. ಈಗ ಹೆಸರು.

ದೀಪ ಆರಲಿಲ್ಲ.

ತನ್ನ ಸಮಯಕ್ಕೆ ಆರಿತು. ಬಾಗಿಲು ಸರಿಯಿತು. ಇವರು ನಡೆದು ಬಂದರು. ಹಣೆಯ ಮೇಲೆ ಬಲೆಯ ಗುರುತು, ತುಟಿಯಲ್ಲಿ ಒಂದು ಕಳ್ಳ ನಗು. "ಶೆಡ್ಡಿನ ಶಟರ್ ಹೊರಗ ನಿಂತು ಕರದಂಗ ಕೇಳಸ್ತು. ಪಾರಿವಾಳ ಸುದ್ಧಾ ಏಳಲಿಲ್ಲ ನೋಡು" ಎಂದರು. ಆಮೇಲೆ, ಟೆಕ್ನಿಷಿಯನ್ ಎದುರಿಗೇ, "ಹೆಸರು ಛಂದ ಹೇಳತಿ" ಎಂದರು.

ಉಳಿದದ್ದೆಲ್ಲ ಮುಗಿಯಿತು. ಸುಲಭವಾಗೇನೂ ಅಲ್ಲ. ಕುತ್ತಿಗೆಯ ಚರ್ಮ ಸುಲಿಯಿತು, ಕೆಲವು ದಿನ ಫೀಡಿಂಗ್ ಟ್ಯೂಬ್ ಬೇಕಾಯಿತು, ರುಚಿ ಹೋಯಿತು. ಮೂರು ತಿಂಗಳ ಮೇಲಿನ ಸ್ಕ್ಯಾನಿನಲ್ಲಿ ಸದ್ಯಕ್ಕೆ ಏನೂ ಕಾಣುತ್ತಿಲ್ಲ ಎಂದರು ಡಾಕ್ಟರು. ಆ 'ಸದ್ಯಕ್ಕೆ' ಎಂಬುದನ್ನು ನಾವಿಬ್ಬರೂ ಮನೆಗೆ ತಂದಿದ್ದೇವೆ, ಅದರ ಜೊತೆಗೇ ಇದ್ದೇವೆ. ಈಗ ಸಾರು ಉಪ್ಪೋ ಸಪ್ಪೆಯೋ ಎಂದು ಹೇಳುವಷ್ಟು ನಾಲಿಗೆ ತಿರುಗಿ ಬಂದಿದೆ. ಮೊದಲ ಸಲ "ಉಪ್ಪು ಹೆಚ್ಚಾಗೇದ" ಎಂದಾಗ ನನಗೆ ಹಬ್ಬವಾಯಿತು.

ಸಾಯಲಿಯ ಮೇಲಿನ ಹೊಟ್ಟೆಕಿಚ್ಚು ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಕಳೆದ ವಾರ ಫೋನು ಮಾಡಿದ್ದಳು. ಇವರು ಹತ್ತು ನಿಮಿಷ ಮಾತಾಡಿದರು, ನಾನು ಗಡಿಯಾರ ನೋಡಿದೆ. ಆದರೆ ಕೊನೆಗೆ ಅವಳು ನನ್ನ ಕೈಗೆ ಫೋನು ಕೊಡಿಸಿ, "ಕಾಕೂ, ಆರೈಕೆ ಮಾಡಿದವರಿಗೂ ಇದು ಬೇಕಾಗುತ್ತದೆ. ನೀವೂ ಮಲಗಿ ಕೇಳಿ" ಎಂದಳು.

ಹೀಗಾಗಿ ಈಗ ಮಧ್ಯಾಹ್ನ ಪಡಸಾಲೆಯಲ್ಲಿ ಚಾಪೆ ಹಾಸಿ ನಾನು ಮಲಗುತ್ತೇನೆ. ಭೂಪವಲ್ಲ, ನನಗೆ ಬೇಕಾದದ್ದನ್ನು ಹಾಕಿಕೊಳ್ಳುತ್ತೇನೆ. ಕಣ್ಣು ಮುಚ್ಚಿದರೆ ನನಗೂ ಒಂದು ಜಾಗ ಇದೆ, ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಹೆಸರು ಹಿಡಿದು ಕರೆಯುವ ಕೆಲಸ ಇವರದು. ಸುಟ್ಟ ಗಂಟಲಿನಿಂದ, ಒಡಕು ದನಿಯಲ್ಲಿ, ಮೂರು ಸಲ "ವಿಮಲಾ" ಎನ್ನುತ್ತಾರೆ. ನಾನು ಒಂದನೆಯದಕ್ಕೇ ಬಂದಿರುತ್ತೇನೆ, ಆದರೂ ಮೂರೂ ಆಗುವವರೆಗೆ ಕಣ್ಣು ತೆರೆಯುವುದಿಲ್ಲ.

ನಿನ್ನೆ ಕಣ್ಣು ಬಿಟ್ಟಾಗ ಇವರು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದರು.

"ಏನ್ ಕಂಡಿ?"

"ಕೇಳಬಾರದು ಅಂತ ಆಕಿ ಹೇಳ್ಯಾಳ."

"ಎಲ್ಲಿಗಿ ಹೋಗಿದ್ದಿ ಅಂತನರ ಹೇಳು."

"ಹೇಳಂಗಿಲ್ಲ ಹೋಗ್ರಿ" ಎಂದು ಚಾಪೆ ಸುತ್ತಿಟ್ಟು ಚಹಾಕ್ಕೆ ಇಡಲು ಹೋದೆ. ಇವರು ಹಿಂದೆಯೇ ಬಂದು ಅಡುಗೆಮನೆಯ ಬಾಗಿಲಿನಲ್ಲಿ ನಿಂತರು, ಚೌಕಟ್ಟಿಗೆ ಕೈ ಅಡ್ಡ ಇಟ್ಟು. ಮುಖ ಇಷ್ಟು ಸಣ್ಣದಾಗಿತ್ತು.

"ಬ್ಯಾರೆ ಏನೂ ಬ್ಯಾಡ. ಒಂದು ಹೇಳು. ಅಲ್ಲೆ ನಾ ಇದ್ನೋ ಇಲ್ಲೋ?"

ಚಹಾ ಸೋಸಿದ ಮೇಲೆ ಹೇಳುತ್ತೇನೆ ಎಂದೆ. ಇನ್ನೂ ಹೇಳಿಲ್ಲ.